ಮುಷ್ಟಿ ಅಕ್ಕಿ ಮತ್ತು ಅರ್ಧ ಪರ್ಸೆಂಟ್

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಈ ಇಂಗ್ಲೆಂಡ್ ಕನ್ನಡಿಗರ ಗುಂಪಿನಲ್ಲಿ ಸ್ಲೌ ಊರಿನ ಅಣ್ಣನವರು ಒಂದು ಪ್ರಶ್ನೆ ಹಾಕಿದ್ದರು. "ಮಗ ಡಾಕ್ಟರ್ ಆಗಲ್ಲವಂತೆ, ಹೆಡ್ಜ್ ಫಂಡ್ ಸೇರ್ತಾನಂತೆ. ಮೊದಲು ದುಡ್ಡು ಮಾಡಿ ಆಮೇಲೆ ದಾನ ಮಾಡ್ತೀನಿ ಅಂತಾನೆ. ಏನು ಹೇಳಲಿ?" (ಹೆಡ್ಜ್ ಫಂಡ್ ಅಂದರೆ ದೊಡ್ಡ ಹೂಡಿಕೆದಾರರ ದುಡ್ಡನ್ನು ಷೇರು ಮುಂತಾದವುಗಳಲ್ಲಿ ತೊಡಗಿಸಿ ಲಾಭ ಮಾಡುವ ಸಂಸ್ಥೆ.) ಅದಕ್ಕೆ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಎ-ಲೆವೆಲ್‌ಗೆ, ಅಂದರೆ ಇಲ್ಲಿನ ಪಿಯುಸಿಗೆ, ಫರ್ದರ್ ಮ್ಯಾಥ್ಸ್ ಬೇಕೋ ಬೇಡವೋ ಅನ್ನುವುದರಲ್ಲೇ ಮುಗಿದವು. ನಮ್ಮವರಿಗೆ ಯಾವ ಪ್ರಶ್ನೆ ಕೇಳಿದರೂ ಕೊನೆಗೆ ಸಿಗುವುದು ಟ್ಯೂಷನ್ ಮೇಷ್ಟರ ಫೋನ್ ನಂಬರ್!

ನನ್ನ ಮಗಳು ಶಾಲೆಯಲ್ಲಿ ಇಯರ್ ಟೆನ್, ಹದಿನಾಲ್ಕು ಹದಿನೈದರ ವಯಸ್ಸು. ಹೋದ ತಿಂಗಳು ಶಾಲೆಯಲ್ಲಿ "ಈ ಶ್ರೀಮಂತನನ್ನು ಮೆಚ್ಚಬೇಕೇ?" ಅಂತ ಮಾತಾಡಬೇಕಿತ್ತು. ಅವಳು ಆರಿಸಿಕೊಂಡದ್ದು ಹೆಡ್ಜ್ ಫಂಡ್ ನಡೆಸಿ ದುಡ್ಡು ಮಾಡಿ ದಾನವನ್ನೂ ಮಾಡಿದ ಸರ್ ಕ್ರಿಸ್ಟಫರ್ ಹಾನ್ ಅವರನ್ನು. ಹಾಗಾಗಿ ಎರಡು ವಾರ ನಮ್ಮ ಅಡುಗೆಮನೆಯಲ್ಲಿ ಅವರದ್ದೇ ಪುರಾಣ. ಓದಿದ್ದು, ಜಗಳವಾಡಿದ್ದು, ಎರಡನ್ನೂ ಇಲ್ಲಿ ಬರೀತೀನಿ, ಅಣ್ಣನವರ ಮಗನಿಗೆ ಉಪಯೋಗವಾದರೂ ಆಗಬಹುದು.

ಹಾನ್ ಹುಟ್ಟಿದ್ದು 1966ರಲ್ಲಿ, ಸರ್ರೆಯ ಆಡಲ್‌ಸ್ಟನ್‌ನಲ್ಲಿ. ಲಂಡನ್ ಸುತ್ತುವ ಎಂ25 ಹೆದ್ದಾರಿಯಲ್ಲಿ ನೀವೆಲ್ಲ ಆ ಊರಿನ ಪಕ್ಕದಲ್ಲೇ ಹೋಗಿರುತ್ತೀರಿ. ಅಪ್ಪ ಜಮೈಕಾದಿಂದ ವಲಸೆ ಬಂದ ಕಾರ್ ಮೆಕ್ಯಾನಿಕ್, ಅಮ್ಮ ವಕೀಲರ ಕಚೇರಿಯಲ್ಲಿ ಸೆಕ್ರೆಟರಿ. ಓದಿದ್ದು ಸೌತಾಂಪ್ಟನ್‌ನಲ್ಲಿ, ಅಕೌಂಟಿಂಗ್ ಮತ್ತು ಬಿಸಿನೆಸ್ ಎಕನಾಮಿಕ್ಸ್. ಆಮೇಲೆ ಹಾರ್ವರ್ಡ್‌ನಲ್ಲಿ ಎಂಬಿಎ, 1993ರಲ್ಲಿ. ಆಕ್ಸ್‌ಫರ್ಡ್ ಇಲ್ಲ, ಕೇಂಬ್ರಿಡ್ಜ್ ಇಲ್ಲ. (ಒಳ್ಳೆಯ ಶಾಲೆ ಸೇರಲು ಮಕ್ಕಳು ಬರೆಯುವ ಇಲೆವೆನ್ ಪ್ಲಸ್ ಪರೀಕ್ಷೆ ಬಂದಾಗ ಊಟ ನಿದ್ದೆ ಬಿಡುವ ತಾಯಿತಂದೆಯರು ಈ ಸಾಲನ್ನು ಇನ್ನೊಮ್ಮೆ ಓದಿ.) ಇಪ್ಪತ್ತರ ವಯಸ್ಸಿನಲ್ಲಿ ಫಿಲಿಪೈನ್ಸ್‌ಗೆ ಹೋಗಿದ್ದಾಗ ಕಸದ ರಾಶಿಯಲ್ಲಿ ಹೊಟ್ಟೆಪಾಡು ಹುಡುಕುವ ಮಕ್ಕಳನ್ನು ನೋಡಿದ್ದು ಮನಸ್ಸಿನಿಂದ ಹೋಗಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ.

2002ರಲ್ಲಿ ಅವರೂ ಅವರ ಹೆಂಡತಿ ಜೇಮಿ ಕೂಪರ್ ಅವರೂ ಮಕ್ಕಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು, ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್, ಚಿಕ್ಕದಾಗಿ ಸಿಫ್. ಮಾರನೇ ವರ್ಷ ಹಾನ್ ಸ್ವಂತ ಹೆಡ್ಜ್ ಫಂಡ್ ಶುರು ಮಾಡಿದರು, ಟಿಸಿಐ. ಗಮನಿಸಿ, ಮೊದಲು ಬಂದದ್ದು ಪ್ರತಿಷ್ಠಾನ, ದುಡ್ಡು ಮಾಡುವ ಅಂಗಡಿ ಆಮೇಲೆ. ಆಗ ಫಂಡ್ ನಡೆಸುತ್ತಿದ್ದದ್ದು ಗಂಡ, ಪ್ರತಿಷ್ಠಾನ ನಡೆಸುತ್ತಿದ್ದದ್ದು ಹೆಂಡತಿ. ಇಂಥ ಫಂಡುಗಳು ಜನರು ಹಾಕಿದ ದುಡ್ಡಿನ ಮೇಲೆ ವರ್ಷಕ್ಕಿಷ್ಟು ಅಂತ ಫೀಸು ತೆಗೆದುಕೊಳ್ಳುತ್ತವೆ, ಲಾಭದಲ್ಲೂ ಪಾಲು. ಇವರು ಆಗ ಮಾಡಿಕೊಂಡ ಏರ್ಪಾಡು ಏನೆಂದರೆ, ಫಂಡಿನಲ್ಲಿರುವ ದುಡ್ಡಿನ 0.5 ಪರ್ಸೆಂಟ್ ಪ್ರತಿವರ್ಷ ತಾನಾಗಿಯೇ ಪ್ರತಿಷ್ಠಾನಕ್ಕೆ ಹೋಗಬೇಕು. ಲಾಭ 11 ಪರ್ಸೆಂಟ್ ದಾಟಿದರೆ ಇನ್ನೊಂದು ಅರ್ಧ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ತುಮಕೂರಿನ ಕಡೆ ನಮ್ಮೂರಲ್ಲಿ ಒಲೆಯ ಪಕ್ಕ ಒಂದು ಸಣ್ಣ ಮಡಕೆ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದು ಮೊರಕ್ಕೆ ಸುರಿದ ಮೇಲೆ, ಕಲ್ಲು ಆರಿಸುವ ಮುಂಚೆ, ಅಜ್ಜಿ ಅದರಿಂದ ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದರು. ಮುಷ್ಟಿ ಅಕ್ಕಿ. ತಿಂಗಳಾದ ಮೇಲೆ ಮಠದ ದಾಸೋಹಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಹನ್ನೊಂದು ಜನ, ಅಕ್ಕಿ ಸಾಲದ ದಿನಗಳೂ ಇದ್ದವು. ಆವತ್ತು ಹಿಡಿ ಚಿಕ್ಕದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಉಂಡು ಮಿಕ್ಕಿದ್ದನ್ನು ಕೊಡುವುದು ಬೇರೆ, ಒಲೆಗೆ ಇಡುವ ಮುಂಚೆ ತೆಗೆದಿಡುವುದು ಬೇರೆ. ಅಣ್ಣ, ನಿಮ್ಮ ಮಗನ "ಆಮೇಲೆ" ಅನ್ನುವ ಪದದ ಬಗ್ಗೆ ನನಗಿರುವ ತಕರಾರು ಇಷ್ಟೇ.

ದುಡ್ಡು ಹೇಗೆ ಬಂತು ಅನ್ನುವುದನ್ನು ಮುಚ್ಚಿಡಬಾರದು. ಹಾನ್ ಅವರದ್ದು ಷೇರು ಕೊಂಡು ಸುಮ್ಮನೆ ಕೂರುವ ಜಾಯಮಾನವಲ್ಲ. ಮಗಳಿಗೆ ಹೀಗೆ ಹೇಳಿದೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಒಂದೇ ಫ್ಲ್ಯಾಟ್ ಇಟ್ಟುಕೊಂಡವರು ಎದ್ದು ನಿಂತು, ಲಿಫ್ಟ್ ರಿಪೇರಿಯ ಬಿಲ್ ತೋರಿಸಿ, ಇಲ್ಲದಿದ್ದರೆ ಕಾರ್ಯದರ್ಶಿ ಇಳಿಯಲಿ ಅನ್ನುತ್ತಾರಲ್ಲ, ಅದೇ ಕೆಲಸ, ಕೋಟಿಗಟ್ಟಲೆಯಲ್ಲಿ. 2005ರಲ್ಲಿ ಜರ್ಮನಿಯ ಷೇರುಪೇಟೆ ಕಂಪನಿ ಡಾಯ್ಚ ಬೋರ್ಸ ಲಂಡನ್ ಷೇರುಪೇಟೆಯನ್ನು ಕೊಳ್ಳಲು ಹೊರಟಾಗ ಟಿಸಿಐ ಅಡ್ಡ ನಿಂತಿತು. ಖರೀದಿಯೂ ಬಿತ್ತು, ಆ ಜರ್ಮನ್ ಕಂಪನಿಯ ಮುಖ್ಯಸ್ಥರ ಕುರ್ಚಿಯೂ ಹೋಯಿತು. 2007ರಲ್ಲಿ ಡಚ್ ಬ್ಯಾಂಕ್ ಎಬಿಎನ್ ಆಮ್ರೊಗೆ, ನಿಮ್ಮನ್ನು ಒಡೆದಾದರೂ ಮಾರಿ, ಇಡಿಯಾಗಾದರೂ ಮಾರಿ ಅಂತ ಪತ್ರ ಬರೆದರು. ಅದನ್ನು ಕೊಂಡವರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಂದು. ಮರುವರ್ಷ ಆ ಬ್ಯಾಂಕ್ ಮುಳುಗುವ ಹಂತಕ್ಕೆ ಬಂದಾಗ ಎತ್ತಿದ್ದು ಸರ್ಕಾರ, ಅಂದರೆ ನಮ್ಮ ನಿಮ್ಮ ತೆರಿಗೆ. ತಪ್ಪೆಲ್ಲ ಪತ್ರ ಬರೆದವರದ್ದು ಅನ್ನಲಾರೆ, ಕೊಂಡವರಿಗೂ ಬುದ್ಧಿ ಇರಬೇಕಿತ್ತು. ಆದರೆ ಪತ್ರದ ನೆರಳು ಎಲ್ಲಿಯವರೆಗೆ ಚಾಚಿತು ನೋಡಿ.

ನಮಗೆ ಇನ್ನೂ ಹತ್ತಿರದ್ದು ಕೋಲ್ ಇಂಡಿಯಾ. 2010ರಲ್ಲಿ ಆ ಕಂಪನಿಯ ಷೇರು ಪೇಟೆಗೆ ಬಂದಾಗ ಟಿಸಿಐ ಸುಮಾರು ಒಂದು ಪರ್ಸೆಂಟ್ ಹಿಡಿಯಿತು. ಆಗ ತೊಂಬತ್ತು ಪರ್ಸೆಂಟ್ ಭಾರತ ಸರ್ಕಾರದ್ದೇ ಆಗಿತ್ತು. ಕಲ್ಲಿದ್ದಲನ್ನು ಪೇಟೆ ಬೆಲೆಗಿಂತ ಕಡಿಮೆಗೆ ಮಾರಿಸಿ ಸರ್ಕಾರ ಸಣ್ಣ ಷೇರುದಾರರಿಗೆ ಮೋಸ ಮಾಡುತ್ತಿದೆ ಅಂತ 2012ರಲ್ಲಿ ಕೋರ್ಟಿಗೆ ಹೋದರು, 2014ರಲ್ಲಿ ಷೇರು ಮಾರಿ ಹೊರಬಂದರು. ಷೇರುದಾರನ ಲೆಕ್ಕದಲ್ಲಿ ಅವರ ವಾದ ಸರಿ. ಆದರೆ ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಬರುವ ಕಲ್ಲಿದ್ದಲಿನ ಒಂದು ಪಾಲು ಕೋಲ್ ಇಂಡಿಯಾದ ಅಂಗಸಂಸ್ಥೆಗಳದ್ದು. ಆ ಬೆಲೆ ಏರಿದ್ದರೆ ಯಾರ ಮನೆಯ ಕರೆಂಟ್ ಬಿಲ್ ಏರುತ್ತಿತ್ತು?

ಇದೇ ಮನುಷ್ಯ 2019ರಲ್ಲಿ, ಹವಾಮಾನ ಬದಲಾವಣೆ ತಡೆಯಿರಿ ಅಂತ ಬೀದಿಗಿಳಿದ ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಚಳವಳಿಗೆ ಕೈಯಿಂದ 50,000 ಪೌಂಡ್ ಕೊಟ್ಟರು, ಪ್ರತಿಷ್ಠಾನದಿಂದ 1,50,000. ಮರುವರ್ಷ, ಕಂಪನಿಗಳು ತಮ್ಮ ಹೊಗೆಯ ಲೆಕ್ಕವನ್ನು ಷೇರುದಾರರ ಮತಕ್ಕೆ ಇಡಬೇಕು ಅಂತ ಹಟ ಹಿಡಿದರು, ಸ್ಪೇನಿನ ವಿಮಾನ ನಿಲ್ದಾಣ ಕಂಪನಿ "ಏನಾ" (Aena) ಒಪ್ಪಿತು.

ಮಗಳು ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಬೆರಳಿಗೆಲ್ಲ ಹಿಟ್ಟು. ತಲೆ ಎತ್ತದೆ ಕೇಳಿದಳು: "ಅಪ್ಪಾ, ಹಾಗಾದ್ರೆ ಅವ್ರು ಬದಲಾದ್ರಾ, ಇಲ್ಲಾ ಕೋಲ್‌ನಲ್ಲಿ ಲಾಭ ಇಲ್ಲ ಅಂತ ಗೊತ್ತಾಯ್ತಾ?" ನಾನು ಎರಡೂ ಇರಬಹುದು ಅಂದೆ. "ದಟ್ಸ್ ನಾಟ್ ಆನ್ ಆನ್ಸರ್" ಅಂದಳು. ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಯಿತು.

ಕೊಟ್ಟದ್ದು ಎಲ್ಲಿಗೆ ಹೋಯಿತು ಅನ್ನುವುದನ್ನೂ ಹೇಳಬೇಕು, ನನಗೆ ಮೆಚ್ಚುಗೆಯಾದದ್ದು ಅಲ್ಲೇ. ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನವಲ್ಲ ಇದು. ಏಡ್ಸ್ ಇರುವ ಮಕ್ಕಳಿಗೆ ಮಕ್ಕಳ ಅಳತೆಯ ಔಷಧಿ ಸಿಗುವಂತೆ ಮಾಡಲು ಕ್ಲಿಂಟನ್ ಅವರ ಸಂಸ್ಥೆಯ ಜೊತೆ ದುಡ್ಡು ಹಾಕಿದರು. 2013ರಲ್ಲಿ ಲಂಡನ್ನಿನಲ್ಲಿ ಅಪೌಷ್ಟಿಕತೆಯ ಬಗ್ಗೆ ದೊಡ್ಡ ಸಮಾವೇಶ ನಡೆದಾಗ ಅದನ್ನು ಕರೆದವರು ಬ್ರಿಟನ್ ಸರ್ಕಾರ, ಬ್ರೆಜಿಲ್ ಸರ್ಕಾರ ಮತ್ತು ಸಿಫ್. ಕೆನ್ಯಾದಲ್ಲಿ, ಭಾರತದಲ್ಲಿ ಶಾಲಾ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುವ ಕಾರ್ಯಕ್ರಮಗಳ ಬೆನ್ನಿಗೂ ಇವರ ದುಡ್ಡಿದೆ. ಭಾರತ ಸರ್ಕಾರ 2015ರ ಫೆಬ್ರವರಿ 10ರಂದು ಶುರುಮಾಡಿದ ಜಂತುಹುಳ ನಿವಾರಣಾ ದಿನ ಈಗ ಕರ್ನಾಟಕದ ಶಾಲೆ ಅಂಗನವಾಡಿಗಳಲ್ಲೂ ನಡೆಯುತ್ತದೆ. 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆ, ಟೀಚರ್ ಎದುರೇ ಅಗಿದು ನುಂಗಬೇಕು. ನಮ್ಮ ಕಾಲದಲ್ಲಿ ಹುಳಕ್ಕೆ ಹರಳೆಣ್ಣೆ: ಭಾನುವಾರ ಬೆಳಗ್ಗೆ ಮೂಗು ಹಿಡಿದು ಒಂದು ಒಳಲೆ, ಆಮೇಲೆ ದಿನವಿಡೀ ಹಿತ್ತಲಿಗೆ ಓಟ. ಮಾತ್ರೆ ಎಷ್ಟೋ ಮೇಲು. ಅಗ್ಗದ್ದು, ಫೋಟೋ ತೆಗೆಸಿಕೊಳ್ಳಲು ಏನೂ ಇಲ್ಲದ್ದು. ಆದರೂ ಹುಳ ರಕ್ತ ಹೀರಿದ ಮಗು ತರಗತಿಯಲ್ಲಿ ತೂಕಡಿಸುತ್ತದೆ, ಯಾವ ಟ್ಯೂಷನ್ನಿಂದಲೂ ಅದು ಸರಿಹೋಗದು.

ಇವತ್ತು ಸಿಫ್‌ನ ಕೈಯಲ್ಲಿರುವ ನಿಧಿ ಆರು ಬಿಲಿಯನ್ ಡಾಲರ್‌ಗೂ ಮಿಗಿಲು. 2014ರಲ್ಲಿ ಹಾನ್‌ಗೆ "ಸರ್" ಅನ್ನುವ ನೈಟ್ ಪದವಿ ಬಂತು. ಅದೇ ವರ್ಷ ವಿಚ್ಛೇದನದ ತೀರ್ಪೂ ಬಂತು, ಜೇಮಿ ಅವರಿಗೆ 33.7 ಕೋಟಿ ಪೌಂಡ್. ದುಡ್ಡು ಮಾಡುವುದರಲ್ಲಿ ತನ್ನ ಕೈ ಅಸಾಮಾನ್ಯ ಅಂತ ಹಾನ್ ಕೋರ್ಟಿನಲ್ಲಿ ವಾದಿಸಿದರು, ನ್ಯಾಯಾಧೀಶರು ಒಂದಷ್ಟು ಒಪ್ಪಿ ಜೇಮಿ ಅವರಿಗೆ ಅರ್ಧದ ಬದಲು 36 ಪರ್ಸೆಂಟ್ ಕೊಟ್ಟರು. ನಮ್ಮ ಮನೆಯವರಿಗೆ ಇಲ್ಲಿ ಸಿಟ್ಟು ಬಂತು. ಪ್ರತಿಷ್ಠಾನ ಕಟ್ಟಿ ಬೆಳೆಸಿದ ಹೆಂಗಸಿನ ಕೈಗೆ ಬೆಲೆ ಇಲ್ಲವೇ ಅಂತ. ನಾನು ಬಾಯಿ ತೆರೆಯಲಿಲ್ಲ, ರಾತ್ರಿ ಪಾತ್ರೆ ಮಾತ್ರ ನಾನೇ ತೊಳೆದೆ.

— ರೆಡಿಂಗ್‌ನಿಂದ

ಸ್ಲೌನಿಂದ: ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಒಂದು ಮಾತು. ಅಜ್ಜಿಯ ಹಿಡಿ ಅಕ್ಕಿಗೂ ಇದಕ್ಕೂ ಹೋಲಿಕೆ ಸರಿಬರಲಿಲ್ಲ. ಅಜ್ಜಿ ಕೊಟ್ಟದ್ದು ತನ್ನ ತಟ್ಟೆಯಿಂದ. ಇವರು ಒಂದು ವರ್ಷ 34.3 ಕೋಟಿ ಪೌಂಡ್ ಡಿವಿಡೆಂಡ್ ತೆಗೆದುಕೊಂಡರು ಅಂತ 2021ರಲ್ಲಿ ಪೇಪರಲ್ಲಿ ಬಂತಲ್ಲ? ನಮ್ಮ ವಾರ್ಡಿನ ನರ್ಸ್ ಒಬ್ಬರು ನೈಟ್ ಡ್ಯೂಟಿ ಮುಗಿಸಿ, ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಡಬ್ಬಿ ಹಾಕಿ ಹೋಗುತ್ತಾರೆ. ಮಗನಿಗೆ ನಾನು ತೋರಿಸುವುದಾದರೆ ಅವರನ್ನು.

ರೆಡಿಂಗ್‌ನಿಂದ: ಒಪ್ಪಿದೆ ಅಣ್ಣ. ಹೋಲಿಕೆ ಹಿಡಿಯ ಗಾತ್ರದ್ದಲ್ಲ, ಯಾವಾಗ ತೆಗೆದಿಡುವುದು ಅನ್ನುವುದಷ್ಟೇ.

ಲೆಸ್ಟರ್‌ನಿಂದ: ನಾನು ಟ್ರಸ್ಟ್ ಲೆಕ್ಕಪತ್ರ ನೋಡುವವಳು, ಅದಕ್ಕೆ ಹೇಳ್ತೀನಿ. ಮಕ್ಕಳಿಗೆ ಹೇಳಲೇಬೇಕಾದ ಕಥೆ 2020ರ ಬ್ರಿಟನ್ ಸುಪ್ರೀಂ ಕೋರ್ಟ್ ತೀರ್ಪಿನದು. ಗಂಡ ಹೆಂಡತಿ ಬೇರೆಯಾದ ಮೇಲೆ, ಸಿಫ್‌ನಿಂದ 36 ಕೋಟಿ ಡಾಲರ್ ಜೇಮಿ ಅವರ ಹೊಸ ಸಂಸ್ಥೆ ಬಿಗ್ ವಿನ್‌ಗೆ ಕೊಡುವುದು, ಅವರು ಸಿಫ್ ಬಿಟ್ಟು ಹೋಗುವುದು ಅಂತ ಮಾತಾಗಿತ್ತು. ಇಬ್ಬರೂ ಮತ ಹಾಕುವ ಹಾಗಿರಲಿಲ್ಲ, ಉಳಿದ ಒಬ್ಬ ಸದಸ್ಯರಿಗೆ ಅದು ಒಪ್ಪಿಗೆ ಇರಲಿಲ್ಲ. ಕೋರ್ಟ್ ಅವರಿಗೆ, ನೀವು ಒಪ್ಪಿಗೆಗೇ ಮತ ಹಾಕಬೇಕು ಅಂದಿತು, ಯಾಕಂದ್ರೆ ಚಾರಿಟಿಯ ಸದಸ್ಯನಿಗೂ ಚಾರಿಟಿಯ ಉದ್ದೇಶಕ್ಕೆ ನಿಷ್ಠೆ ಇರಬೇಕು. ಒಮ್ಮೆ ಕೊಟ್ಟ ದುಡ್ಡು ಕೊಟ್ಟವನದ್ದಲ್ಲ. ನಮ್ಮ ಕನ್ನಡ ಸಂಘಗಳ ಖಜಾಂಚಿಗಳಿಗೂ ಇದನ್ನು ಓದಿಸಬೇಕು. ನಾನು ಯಾರ ಹೆಸರೂ ಹೇಳ್ತಿಲ್ಲ 😊

ಮಿಲ್ಟನ್ ಕೀನ್ಸ್‌ನಿಂದ: ಅಕ್ಕ, ಖಜಾಂಚಿ ಇಲ್ಲೇ ಇದ್ದೀನಿ! ಗಿಫ್ಟ್ ಏಡ್ ಫಾರಂ ತುಂಬಿ ಅಂತ ಮೂರು ವರ್ಷದಿಂದ ಬೇಡುತ್ತಿದ್ದೀನಿ. ನೀವು ಒಂದು ಪೌಂಡ್ ಕೊಟ್ಟರೆ ಸರ್ಕಾರ 25 ಪೆನ್ಸ್ ಸೇರಿಸುತ್ತೆ. ಒಂದು ಟಿಕ್, ಒಂದು ಸಹಿ. ಅರ್ಧ ಜನ ಮಾಡಿಲ್ಲ.

ಸ್ಲೌನಿಂದ: ಸರ್, ಮಗಳು ಶಾಲೆಯಲ್ಲಿ ಕೊನೆಗೆ ಏನು ಹೇಳಿದಳು?

ರೆಡಿಂಗ್‌ನಿಂದ: ಮೆಚ್ಚಬೇಕೋ ಬೇಡವೋ ಅಂತ ಹೇಳಲೇ ಇಲ್ಲವಂತೆ. ಕೋಲ್ ಇಂಡಿಯಾ ಒಂದು ಸ್ಲೈಡ್, ಮಾತ್ರೆ ಒಂದು ಸ್ಲೈಡ್, ಎರಡನ್ನೂ ಪಕ್ಕಪಕ್ಕ ಇಟ್ಟು ಕೂತಳಂತೆ. ಮನೆಗೆ ಬಂದು ಬೇಬಿಸಿಟ್ಟಿಂಗ್‌ನ ಇಪ್ಪತ್ತು ಪೌಂಡಿಗೆ ಅರ್ಧ ಪರ್ಸೆಂಟ್ ಲೆಕ್ಕ ಹಾಕಿದಳು. ಹತ್ತು ಪೆನ್ಸ್. ಅವಳಿಗೇ ನಗು ಬಂತು. ಈಗ ಎರಡು ಪೌಂಡ್ ಮೊದಲೇ ತೆಗೆದು, ಎಂಟಿಆರ್ ಬಾದಾಮ್ ಡ್ರಿಂಕ್‌ನ ಖಾಲಿ ಡಬ್ಬಿಗೆ ಹಾಕುತ್ತಿದ್ದಾಳೆ.

ಲೆಸ್ಟರ್‌ನಿಂದ: ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಫುಡ್ ಬ್ಯಾಂಕಿಗೆ ಏನಾದರೂ ತಂದರೆ ಹೇಗೆ? ನಮ್ಮಲ್ಲಿ ಶುರು ಮಾಡಿದ್ದೀವಿ. ಒಂದೇ ವಿನಂತಿ, ರಾಜ್ಮಾ ಡಬ್ಬಿ ಬೇಡ. ಅವರ ಹತ್ತಿರ ರಾಶಿ ಬಿದ್ದಿದೆಯಂತೆ. ಲಾಂಗ್ ಲೈಫ್ ಹಾಲು, ಮಕ್ಕಳ ನ್ಯಾಪಿ ಸೈಜ್ ಐದು, ಇವೆರಡು ಬೇಕಂತೆ.