ಸಹಾಯ ಬೇಕು: ಅಪ್ಪನ ಹೆಸರಲ್ಲಿ ಯಾರೋ ಸಾಲ ತೆಗೆದಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವು ಗೋಣಿಕೊಪ್ಪದ ಹತ್ತಿರದವರು, ಸಣ್ಣ ಕಾಫಿ ತೋಟ ಇದೆ. ಕಳೆದ ವಾರ ಅಪ್ಪ ಬೆಳೆ ಸಾಲಕ್ಕೆ ಹೋದರೆ, ಬ್ಯಾಂಕಿನವರು "ನಿಮ್ಮ ಹೆಸರಲ್ಲಿ ಆಗಲೇ ಒಂದು ಆ್ಯಪ್ ಸಾಲ ಬಾಕಿ ಇದೆಯಲ್ಲಾ" ಎಂದರು. ಅಪ್ಪನ ಹತ್ತಿರ ಇರುವುದು ಬಟನ್ ಫೋನ್! ಕೇಳಿದವರಿಗೆಲ್ಲ ಆಧಾರ್, ಪ್ಯಾನ್ ಜೆರಾಕ್ಸ್ ಕೊಟ್ಟಿದ್ದಾರೆ. ಎಲ್ಲಿಂದ ಹೋಯಿತೋ ಯಾರಿಗೆ ಗೊತ್ತು.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ. ಯಾರ ಹೆಸರಲ್ಲಿ ಯಾವ ಸಿಮ್ ಇದೆ ಎಂದು ತೋರಿಸುವ ಸರ್ಕಾರಿ ವೆಬ್‌ಸೈಟ್ ಸಂಚಾರ್ ಸಾಥಿಯಲ್ಲಿ ನೋಡಿದರೆ ಅಪ್ಪನ ಹೆಸರಲ್ಲಿ ನಮ್ಮದಲ್ಲದ ಒಂದು ಸಿಮ್ ಕೂಡ ಇತ್ತು, ಅದನ್ನೂ ತಿಳಿಸಿದೆ. ಆಧಾರ್ ಬೆರಳಚ್ಚು ಲಾಕ್ ಮಾಡಿದೆ. ಮಳೆಗೆ ನೆಟ್‌ವರ್ಕ್ ಹೋಗಿ ಒಟಿಪಿ ಬರಲು ಅರ್ಧ ದಿನ ಬೇಕಾಯಿತು, ಅದು ಬಿಡಿ. ಈಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮುಂಚೆ ಪ್ರತಿ ಸಲ ಅನ್‌ಲಾಕ್ ಮಾಡಬೇಕು.

ನನ್ನ ಪ್ರಶ್ನೆ ಬೇರೆ. ಒಂದು ಕಂಪನಿಯವರು ವರ್ಷಕ್ಕೆ ಇಷ್ಟು ಕಟ್ಟಿ, ನಿಮ್ಮ ಸಾಲದ ದಾಖಲೆ ಮೇಲೆ ನಾವು ಕಣ್ಣಿಟ್ಟಿರುತ್ತೇವೆ ಎನ್ನುತ್ತಿದ್ದಾರೆ. ಆದರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ನೋಡಿದರೆ ವರ್ಷ ಮುಗಿಯಿತು, ಅಲ್ವಾ? ದುಡ್ಡು ಕೊಟ್ಟರೂ ಆ ಕಂಪನಿಯವರು ಹೇಳುವುದು ಕಳವು ಆದ ಮೇಲೇ ತಾನೇ? ಸುಮ್ನೆ ಖರ್ಚು ಅನಿಸುತ್ತದೆ. ಬಳಸಿದವರು ಯಾರಾದರೂ ಇದ್ದರೆ ಹೇಳಿ.

ಇನ್ನೊಂದು. ರಿಪೋರ್ಟಿನ ತಪ್ಪು 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ. ನಿಜವಾಗಿ ಯಾರಿಗಾದರೂ ಸಿಕ್ಕಿದೆಯಾ?