15ರ ಹುಡುಗಿಗೆ ಯಾವ ಅಡುಗೆ ಪುಸ್ತಕ ಕೊಡಲಿ?

ಕೇಳಿದವರು, ಮೈಸೂರು ಕುವೆಂಪುನಗರದಿಂದ:
ತಂಗಿಯ ಮಗಳಿಗೆ ಮುಂದಿನ ತಿಂಗಳು 15 ತುಂಬುತ್ತದೆ. ಇತ್ತೀಚೆಗೆ ಅಡುಗೆಮನೆ ಕಡೆ ಮನಸ್ಸು ಹರಿದಿದೆ. ಟೀ, ಮ್ಯಾಗಿ, ಆಮ್ಲೆಟ್ ಬರುತ್ತದೆ, ಅಷ್ಟೇ. ಹುಟ್ಟುಹಬ್ಬಕ್ಕೆ ಅಡುಗೆ ಪುಸ್ತಕ ಕೊಡೋಣ ಅಂತ ಅಂಗಡಿಗೆ ಹೋದರೆ ಸಾಲು ಸಾಲು ಪುಸ್ತಕ, ತಲೆ ಕೆಟ್ಟುಹೋಯಿತು. ಏನು ನೋಡಿ ಆರಿಸಬೇಕು? ಮಕ್ಕಳಿಗೆ ಕೊಟ್ಟು ಗೊತ್ತಿರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂನಿಂದ:
ನನ್ನ ಇಬ್ಬರು ಮಕ್ಕಳೂ ಪುಸ್ತಕ ನೋಡಿಯೇ ಅಡುಗೆ ಕಲಿತವರು. ಅಂಗಡಿಯಲ್ಲಿ ನಿಂತಾಗ ಮುಖಪುಟ ಬಿಡಿ, ನೇರವಾಗಿ ಉಪ್ಪಿಟ್ಟಿನ ಪುಟ ತೆಗೆಯಿರಿ. ಆ ಒಂದು ಪುಟದಲ್ಲಿ ಪುಸ್ತಕದ ಬಂಡವಾಳ ಗೊತ್ತಾಗುತ್ತದೆ.

ಮೊದಲು ರವೆ. ‘ರವೆ 1 ಕಪ್’ ಅಂತ ಬರೆದು ಸುಮ್ಮನಾಗಿದ್ದರೆ ವಾಪಸ್ ಇಡಿ. ಯಾವ ರವೆ? ನಮ್ಮ ಕಡೆ ಮನೆಗಳಲ್ಲಿ ಬನ್ಸಿ, ಮೀಡಿಯಂ, ಚಿರೋಟಿ, ಇಡ್ಲಿ ರವೆ ನಾಲ್ಕೂ ಡಬ್ಬದಲ್ಲಿರುತ್ತವೆ. ನಮ್ಮ ಕೈ ತಾನಾಗಿ ಬನ್ಸಿ ರವೆಗೆ ಹೋಗುತ್ತದೆ, ಹುಡುಗಿಗೆ ಹೇಗೆ ಗೊತ್ತಾಗಬೇಕು? ಚಿರೋಟಿ ರವೆ ಹಾಕಿದರೆ ಉಪ್ಪಿಟ್ಟು ಮುದ್ದೆಯಾಗಿ ಕೂರುತ್ತದೆ. ತನಗೆ ಅಡುಗೆ ಕೈಗೆ ಹತ್ತುವುದಿಲ್ಲ ಅಂದುಕೊಂಡು ಅವಳು ಅಲ್ಲಿಗೇ ಬಿಟ್ಟುಬಿಡುತ್ತಾಳೆ.

ಆಮೇಲೆ ನೀರು. ಬನ್ಸಿ ರವೆಗೆ ಒಂದಕ್ಕೆ ಮೂರರಷ್ಟು ಬೇಕು, ಮೀಡಿಯಂ ರವೆಗೆ ಎರಡೂವರೆ ಸಾಕು. ‘ಬೇಕಾದಷ್ಟು ನೀರು’ ಅಂತಿದ್ದರೆ ಅದು ಅಡುಗೆ ಬಲ್ಲವರಿಗೆ ಬರೆದ ಪುಸ್ತಕ. ‘ಹದವಾಗಿ ಹುರಿಯಿರಿ’ ಅನ್ನುವುದೂ ಅದೇ ಜಾತಿ. ಸಣ್ಣ ಉರಿ ಇರಲಿ, ಕೈಯಾಡಿಸುತ್ತಾ ಇರಿ, ರವೆ ಘಮ್ ಅನ್ನಬೇಕು, ಕೆಂಪಾಗಬಾರದು, ಹೀಗೆ ಕಣ್ಣಿಗೆ, ಮೂಗಿಗೆ ಸಿಗುವ ಹಾಗೆ ಹೇಳಿರಬೇಕು. ಗಂಟಾದರೆ ಏನು ಮಾಡಬೇಕು ಅಂತ ಒಂದು ಸಾಲು ಇದ್ದುಬಿಟ್ಟರೆ ಬೇರೆ ಏನೂ ನೋಡಬೇಡಿ, ತಗೊಂಡುಬಿಡಿ.

ಇನ್ನೊಂದು ಮಾತು. ನೂರಾರು ಅಡುಗೆ ತುಂಬಿದ ದಪ್ಪ ಪುಸ್ತಕ ಬೇಡ. ಒಂದೊಂದಕ್ಕೂ ನಾಲ್ಕು ಸಾಲು ಬರೆದಿರುತ್ತಾರೆ. ಐವತ್ತೇ ಇರಲಿ, ಬಿಡಿಸಿ ಹೇಳಿರಲಿ. ಮೈಸೂರು ಪಾಕ್ ಫೋಟೋ ನೋಡಿ ಮರುಳಾಗಬೇಡಿ. ಅದು ಎಳೆ ಪಾಕದ ಕೆಲಸ. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿ, ಕೈ ಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮೊದಲ ವರ್ಷಕ್ಕೆ ಕೇಸರಿಬಾತ್ ಧಾರಾಳ ಸಾಕು.

ಜೆ.ಪಿ. ನಗರದಿಂದ:
ಯೂಟ್ಯೂಬ್ ಇರುವಾಗ ಪುಸ್ತಕ ಯಾಕೆ ಬೇಕು ಸ್ವಾಮಿ? ದುಡ್ಡು ದಂಡ.

ಸರಸ್ವತಿಪುರಂನಿಂದ:
ಒಗ್ಗರಣೆ ಸೀಯುತ್ತಿರುವಾಗ ಹಿಟ್ಟು ಮೆತ್ತಿದ ಕೈಯಲ್ಲಿ ವಿಡಿಯೋ ಹಿಂದಕ್ಕೆ ಎಳೆದು ನೋಡಿ, ಆಮೇಲೆ ಹೇಳಿ. ಜೊತೆಗೆ ಫೋನ್ ಕೈಗೆ ಬಂದ ಮೇಲೆ ಹುಡುಗರು ಅಡುಗೆ ನೋಡ್ತಾರಾ, ರೀಲ್ಸ್ ನೋಡ್ತಾರಾ?

ಮಂಡ್ಯದಿಂದ, ಒಬ್ಬ ಅಪ್ಪ:
ನನ್ನ ಮಗನಿಗೆ ಈಗ 14. ಅವನಿಗೆ ಕಲಿಯಬೇಕಿದ್ದದ್ದು ಕೋಳಿ ಸಾರು. ಉಡುಗೊರೆ ಬಂದದ್ದು ಪೂರ್ತಿ ಸಸ್ಯಾಹಾರದ ಪುಸ್ತಕ. ಇವತ್ತಿಗೂ ಕಪಾಟಿನಲ್ಲಿ ಹೊಸದಾಗೇ ಇದೆ. ಹಾಗಾಗಿ ಆ ಮನೆಯಲ್ಲಿ ದಿನಾ ಏನು ಬೇಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಪನೀರ್, ಪಾಸ್ತಾ ತುಂಬಿದ ಪುಸ್ತಕ ಕೊಟ್ಟರೆ ಪ್ರತಿ ಸಲ ಸಾಮಾನಿಗೆ ಅಂಗಡಿಗೆ ಓಡಬೇಕು. ಬಸ್ಸಾರು, ಮಸ್ಸೊಪ್ಪು, ಚಿತ್ರಾನ್ನ, ಮೊಟ್ಟೆ ಪಲ್ಯ ಇದ್ದರೆ ಮನೆಯಲ್ಲಿ ಇರುವುದರಲ್ಲೇ ಆಗುತ್ತದೆ.

ಮುದ್ದೆ ಮಾತ್ರ ಪುಸ್ತಕದಿಂದ ಪೂರ್ತಿ ಬರುವುದಿಲ್ಲ, ಅದು ಕೋಲು ಹಿಡಿದೇ ಕಲಿಯಬೇಕು. ಆದರೂ ನಾನು ಆ ಪುಟ ನೋಡುತ್ತೇನೆ. ‘ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು’ ಅಂತ ಬರೆದಿದ್ದರೆ ಬರೆದವರು ನಿಜವಾಗಿ ಒಲೆ ಮುಂದೆ ನಿಂತವರು ಅಂತ ಲೆಕ್ಕ. ಹಿಟ್ಟು ಸುರಿದು ಹಾಗೇ ಬೇಯಲು ಬಿಡಬೇಕು, ಆಮೇಲೆ ತಿರುವಬೇಕು. ಹಿಟ್ಟು ಹಾಕಿದ ತಕ್ಷಣ ತಿರುವಿ ಅಂತ ಬರೆದ ಪುಸ್ತಕವನ್ನೂ ನೋಡಿದ್ದೇನೆ. ಹಸಿ ಹಿಟ್ಟು ತಿನ್ನಬೇಕಾಗುತ್ತದೆ ಅಷ್ಟೆ.

ವಿಜಯನಗರದಿಂದ, ಒಬ್ಬರು ಅಜ್ಜಿ:
ಅಳತೆ ವಿಷಯ ಯಾರೂ ಹೇಳಲಿಲ್ಲ. ನಾನು ಇವತ್ತಿಗೂ ಪಾವು, ಚಟಾಕಿನಲ್ಲೇ ಅಳೆಯೋದು. ಸೇರಿಗೆ 4 ಪಾವು, ಪಾವಿಗೆ 4 ಚಟಾಕು. ಪುಸ್ತಕದಲ್ಲಿ ಕಪ್ ಅಂದರೆ ಕೆಲವರಿಗೆ 240 ಮಿ.ಲೀ., ಕೆಲವರಿಗೆ 250. ಮೊಮ್ಮಗಳು ಕಾಫಿ ಲೋಟವನ್ನೇ ಕಪ್ ಅಂದುಕೊಂಡಿದ್ದಳು. ಅಕ್ಕಿ, ನೀರು ಎರಡನ್ನೂ ಅದೇ ಲೋಟದಲ್ಲಿ ಅಳೆದರೆ ಅನ್ನಕ್ಕೇನೂ ಆಗುವುದಿಲ್ಲ. ಉಪ್ಪು, ಸೋಡಾ ಚಮಚದ ಲೆಕ್ಕ, ಅಲ್ಲೇ ಎಡವಟ್ಟು. ಪುಸ್ತಕದ ಜೊತೆ ಅಳತೆ ಕಪ್ಪು, ಚಮಚದ ಸೆಟ್ ಒಂದು ಕೊಡಿ. ಟೀ ಚಮಚ 5 ಮಿ.ಲೀ., ದೊಡ್ಡದು 15. ಪುಸ್ತಕದ ಮುಂದಿನ ಪುಟಗಳಲ್ಲಿ ಈ ಲೆಕ್ಕ ಇದೆಯಾ ನೋಡಿ.

ಅಲ್ಲೇ ಕುಕ್ಕರ್ ಬಗ್ಗೆಯೂ ಇರಬೇಕು. ಪ್ರೆಶರ್ ಪೂರ್ತಿ ಇಳಿಯುವ ತನಕ ಮುಚ್ಚಳ ಬಲವಂತವಾಗಿ ತೆಗೆಯಬಾರದು, ಬಾಣಲೆ ಒದ್ದೆ ಇದ್ದಾಗ ಎಣ್ಣೆ ಹಾಕಬಾರದು, ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬಾರದು. ಇದನ್ನು ನಾವು ಹೇಳಿದರೆ ಗೊಣಗಾಟ ಅನ್ನುತ್ತಾರೆ, ಅಚ್ಚಾಗಿದ್ದರೆ ಓದುತ್ತಾರೆ.

ಮಂಡ್ಯದಿಂದ, ಪಿಯುಸಿ ಓದುವ ಹುಡುಗಿ:
ನನಗೆ ಸಿಕ್ಕಿದ್ದು ಹೊರದೇಶದ ಬೇಕಿಂಗ್ ಪುಸ್ತಕ. ಫೋಟೋ ಸೂಪರ್. ಎಲ್ಲ ಕೇಕಿಗೂ 350 ಡಿಗ್ರಿ ಅಂತಿತ್ತು. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 175 ಸೆಲ್ಸಿಯಸ್ ಅಂತ ಆಮೇಲೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಓವನ್ನೇ ಇಲ್ಲ ಅನ್ನೋದು ಬೇರೆ ಮಾತು. ಆ ಮನೆಯಲ್ಲಿ ಏನೇನಿದೆ ಅಂತ ಅವರಮ್ಮನ್ನ ಕೇಳಿ ತಗೊಳ್ಳಿ. ಮತ್ತೆ ಭಾಷೆ. ನಾನು ಇಂಗ್ಲಿಷ್ ಮೀಡಿಯಂ, ಆದರೂ ಕನ್ನಡ ಪುಸ್ತಕವೇ ಜಾಸ್ತಿ ಉಪಯೋಗ ಆಯಿತು. ಅರ್ಥ ಆಗದಿದ್ದರೆ ಅಮ್ಮನಿಗೆ ಕೊಟ್ಟು ಓದಿ ಅನ್ನಬಹುದು, ಅಲ್ವಾ? ಬಿಚ್ಚಿಟ್ಟರೆ ಮುಚ್ಚಿಕೊಳ್ಳದ ಬೈಂಡಿಂಗ್ ನೋಡಿ. ನಾನು ಪುಟ ಹಾರದ ಹಾಗೆ ಲಟ್ಟಣಿಗೆ ಇಟ್ಟು ಓದುತ್ತಿದ್ದೆ.

ಸರಸ್ವತಿಪುರಂನಿಂದ:
ಕೊನೆಗೆ ಒಂದು. ಬದಲಾಯಿಸಿ ಕೊಡುತ್ತೀರಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಅವಳು ಪುಟ ತಿರುವಿ ನೋಡಿ, ಇದು ಇರಲಿ ಅನ್ನುವ ತನಕ ಮೊದಲ ಪುಟದಲ್ಲಿ ಹೆಸರು, ಹಾರೈಕೆ ಏನೂ ಬರೆಯಬೇಡಿ.