ಅಪ್‌ಡೇಟ್: ಗೃಹಪ್ರವೇಶದಲ್ಲಿ ಶೋನ್‌ಬರ್ಗ್ ಪಾಸಾದ

ಅಕ್ಕನ ಮನೆ ಗೃಹಪ್ರವೇಶಕ್ಕೆ ಪಿಯಾನೋದಲ್ಲಿ ಶೋನ್‌ಬರ್ಗ್ (ನೆಲೆಯಾದ ಶ್ರುತಿಯನ್ನೇ ಕೈಬಿಟ್ಟ ಪಾಶ್ಚಾತ್ಯ ಸಂಗೀತ ರಚನೆಕಾರ) ನುಡಿಸಬೇಕು, ನೆಂಟರಿಗೆ ಅದು ಮಾಮೂಲಿ ಸಂಗೀತದ ಹಾಗೆ ಕೇಳಿಸೋದು ಹೇಗೆ ಅಂತ ಕೇಳಿದ್ದೆನಲ್ಲ? ನೀವೆಲ್ಲ ಕೊಟ್ಟ ಸಲಹೆಗಳಿಂದ ಕುವೆಂಪುನಗರದ ಆ ಮನೆಯಲ್ಲಿ ಕೆಲಸ ಸಲೀಸಾಗಿ ಮುಗಿಯಿತು.

ನುಡಿಸಿದ್ದು ಅವನ 1911ರ ಆರು ಪುಟ್ಟ ತುಣುಕುಗಳಲ್ಲಿ (ಓಪಸ್ 19, ಅಂದರೆ ಕೃತಿ ಸಂಖ್ಯೆ 19) ಎರಡನೆಯದು. ಇದಕ್ಕೆ ನೆಲೆಯಾದ ಶ್ರುತಿ ಇಲ್ಲ ಅನ್ನುತ್ತಾರೆ. ಆದರೆ ಜಿ, ಬಿ ಸ್ವರಗಳು ಜೋಡಿಯಾಗಿ ಬಿಟ್ಟೂ ಬಿಟ್ಟೂ ಬರುತ್ತಲೇ ಇರುತ್ತವೆ. ನಿಮ್ಮಲ್ಲೊಬ್ಬರು ಹೇಳಿದಂತೆ ಫೋನಿನ ತಂಬೂರಿ ಆ್ಯಪನ್ನು ಜಿ ಶ್ರುತಿಗೆ ಇಟ್ಟೆ. ಅಷ್ಟೇ! ಜಿ ಷಡ್ಜ (ಸಾ) ಆಯಿತು, ಬಿ ಅಂತರ ಗಾಂಧಾರ (ಗ) ಆಯಿತು. ಉಳಿದ ಸ್ವರಗಳು ಯಾವುದೋ ಅಪರೂಪದ ರಾಗದ್ದಿರಬೇಕು ಅಂತ ಎಲ್ಲರೂ ಸುಮ್ನಾದರು.

"ವಿಚಿತ್ರ ಸ್ವರ ಬಂದಾಗಲೆಲ್ಲ ಕಣ್ಣು ಮುಚ್ಚಿ ತಲೆದೂಗಿ" ಅನ್ನೋ ಸಲಹೆ ಇನ್ನೂ ಜಾಸ್ತಿ ಫಲ ಕೊಟ್ಟಿತು. ಮಾವ "ನಮ್ಮ ಜಯಚಾಮರಾಜ ಒಡೆಯರೂ ಪಿಯಾನೋ ನುಡಿಸ್ತಿದ್ರು ಕಣಯ್ಯಾ" ಎಂದು ಬೀಗಿದರು. ದೊಡ್ಡಮ್ಮ ತೊಡೆ ಮೇಲೆ ತಾಳ ಹಾಕಲು ಶುರು ಮಾಡಿದರು. ಅದು ಕೈಗೆ ಸಿಗುವ ಮೊದಲೇ ತುಣುಕು ಮುಗಿಯಿತು. ಇರೋದೇ 9 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಅಲ್ವಾ!

ಕೊನೆಗೆ ಜೋರಾಗಿ ಒಂದು "ಸಾ" ಒತ್ತಿ ಅಂದವರೇ, ಕ್ಷಮಿಸಿ, ಅದನ್ನು ಮಾತ್ರ ಮಾಡಲಿಲ್ಲ. ಮೋಸಕ್ಕೂ ಒಂದು ಮಿತಿ ಬೇಡವಾ? ದೊಡ್ಡಮ್ಮ ಮಾತ್ರ "ಆಲಾಪನೆ ಚೆನ್ನಾಗಿತ್ತು ಮಗು, ಈಗ ಕೀರ್ತನೆ ಶುರು ಮಾಡು" ಅಂದರು.